ಹೆಸರು ಹೇಳಿದವಳ ಪಾಲು

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಶಿರಾಳಕೊಪ್ಪದ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಜುಲೈ ತಿಂಗಳು, ಮಳೆ ಹಿಡಿದುಕೊಂಡಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಿಗೆ ಬಂದು ನಮಸ್ಕಾರ ಮಾಡಿದ. ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ, ನಾಟಿ ಕೆಲಸಕ್ಕೆಂದು ಊರಿಗೆ ಬಂದಿದ್ದ. ಅದು ಇದು ಮಾತಾಡಿದ ಮೇಲೆ ಮೊಬೈಲನ್ನು ನನ್ನ ಮುಂದೆ ಹಿಡಿದ. ಅದರಲ್ಲಿ ಬೆಂಗಳೂರು ಡರ್ಬಿಯಲ್ಲಿ ಓಡುವ ಕುದುರೆಗಳ ಪಟ್ಟಿಯಿತ್ತು. "ಮೇಡಂ, ನನ್ನ ಫ್ರೆಂಡು ಅಲ್ಲೇ ಇದಾನೆ, ಫೋನ್ ಮಾಡಿದ್ರೆ ದುಡ್ಡು ಕಟ್ತಾನೆ. ಸುಮ್ನೆ ಒಂದು ಹೆಸರು ಹೇಳ್ರಿ. ನಿಮ್ಮ ಬಾಯಿಂದ ಬಂದಿದ್ದು ಸುಳ್ಳಾಗಲ್ಲ" ಅಂದ.

ನಗುತ್ತಲೇ ಕೇಳಿದ್ದ. ನನಗೆ ಮಾತ್ರ ಎದೆ ಧಸಕ್ಕೆಂದಿತು. ನಲವತ್ತು ವರ್ಷಗಳ ಹಿಂದೆ ಇದೇ ರೀತಿ ಒಬ್ಬರು ನನ್ನನ್ನು ಕೇಳಿದ್ದರು. ನಾನು ಹೆಸರು ಹೇಳಿದ್ದೆ.

ನನ್ನ ತವರು ಬಂದಳಿಕೆಯ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ 1986ರಲ್ಲಿ ಪಿಯುಸಿ ಓದಲು ಬೆಂಗಳೂರಿನ ಚಿಕ್ಕಪ್ಪನ ಮನೆ ಸೇರಿದೆ. ಚಿಕ್ಕಪ್ಪ ಕಾರ್ಖಾನೆಯ ನೌಕರ. ಕುಡಿತವಿಲ್ಲ, ಬೀಡಿಯಿಲ್ಲ, ಯಾರಿಗೂ ಕೆಟ್ಟ ಮಾತಾಡಿದವರಲ್ಲ. ಇದ್ದದ್ದು ಒಂದೇ ಚಟ, ರೇಸು. ಶುಕ್ರವಾರ ರಾತ್ರಿ ಊಟವಾದ ಮೇಲೆ ರೇಸ್ ಬುಕ್ಕನ್ನು ಹರಡಿಕೊಂಡು ಕೂರುತ್ತಿದ್ದರು. ನನಗೆ ಕುತೂಹಲ. "ಬಾ ಪುಟ್ಟಿ, ಇದೂ ಒಂದು ವಿದ್ಯೆ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಓದಲು ಕಲಿಸಿದರು.

ನಿಜಕ್ಕೂ ಅದೊಂದು ವಿದ್ಯೆಯೇ. ಕುದುರೆಯ ಹೆಸರಿನ ಕೆಳಗೆ ಅದರ ತಂದೆ ತಾಯಿಯ ಹೆಸರು, ವಯಸ್ಸು, ಹೊರಬೇಕಾದ ತೂಕ, ಜಾಕಿ ಯಾರು, ಪಳಗಿಸಿದವರು ಯಾರು, ಹಿಂದಿನ ಓಟಗಳಲ್ಲಿ ಎಷ್ಟನೆಯದಾಗಿ ಬಂತು, ಎಲ್ಲವೂ ಅಲ್ಲಿರುತ್ತಿತ್ತು. ಸಾಮಾನ್ಯ ಓಟಗಳಲ್ಲಿ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸುತ್ತಾರೆ, ಸೋತು ಬಂದದ್ದಕ್ಕೆ ಕಡಿಮೆ. ಎಲ್ಲವೂ ಸರಿಸುಮಾರು ಒಟ್ಟಿಗೇ ಗುರಿ ಮುಟ್ಟಲಿ ಎಂಬ ಲೆಕ್ಕ. ಡರ್ಬಿಯಲ್ಲಿ ಹಾಗಿಲ್ಲ. ಒಂದೇ ವಯಸ್ಸಿನ ಕುದುರೆಗಳು, ಎಲ್ಲಕ್ಕೂ ಒಂದೇ ತೂಕ, ಹೆಣ್ಣು ಕುದುರೆಗೆ ಮಾತ್ರ ಒಂದೂವರೆ ಕಿಲೋ ರಿಯಾಯಿತಿ. ಯಾರು ಮೇಲು ಎಂಬುದು ಅಲ್ಲೇ ತೀರ್ಮಾನ. 1943ರಲ್ಲಿ ಮುಂಬಯಿಯಲ್ಲಿ ನಡೆದ ಮೊಟ್ಟಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ ಎಂದು ಚಿಕ್ಕಪ್ಪ ಹೇಳಿದಾಗ ನಾನು ಅಂಕಗಣಿತದಲ್ಲಿ ನೂರಕ್ಕೆ ನೂರು ಬಂದವಳಂತೆ ಹಿಗ್ಗಿದ್ದೆ.

ಒಂದು ಶುಕ್ರವಾರ ಅವರು ಎರಡು ಕುದುರೆಗಳ ನಡುವೆ ತೊಳಲಾಡುತ್ತಿದ್ದರು. "ನೀನೇ ಹೇಳು" ಅಂದರು. ಹೇಳಿದೆ. ಅದು ಗೆದ್ದಿತು. ಶನಿವಾರ ಸಂಜೆ ಮೈಸೂರುಪಾಕು ಬಂತು, ಚಿಕ್ಕಮ್ಮನಿಗೆ ಹೂವು ಬಂತು, ನನಗೆ ಚಿನ್ನದ ಬಣ್ಣದ ಟೊಪ್ಪಿಯ ಹೀರೋ ಪೆನ್ನು ಬಂತು. ಆ ಕಾಲದಲ್ಲಿ ಹೀರೋ ಪೆನ್ನೆಂದರೆ ತರಗತಿಯಲ್ಲಿ ಹತ್ತು ಜನ ಮುಟ್ಟಿ ನೋಡುವ ವಸ್ತು. ಅಂದಿನಿಂದ ಮನೆಯಲ್ಲಿ ನನ್ನ "ಕೈಗುಣ"ದ ಮಾತು ಶುರುವಾಯಿತು.

ಕೆಲವು ವಾರಗಳ ಮೇಲೆ ಡರ್ಬಿ. ಪಟ್ಟಿಯಲ್ಲಿ ಒಂದು ಹೆಣ್ಣು ಕುದುರೆಯಿತ್ತು. ನಾನು ಲೆಕ್ಕ ಗಿಕ್ಕ ನೋಡಲಿಲ್ಲ, ಹೆಣ್ಣೆಂಬ ಒಂದೇ ಕಾರಣಕ್ಕೆ ಬೆರಳಿಟ್ಟೆ. ಚಿಕ್ಕಪ್ಪ ಒಂದು ಕ್ಷಣ ಸುಮ್ಮನಿದ್ದು, "ಆಗಲಿ" ಅಂದರು. ಅದು ಮೂರನೆಯದಾಗಿ ಬಂತಂತೆ. ಅವರು ಕಟ್ಟಿದ್ದು ಮೊದಲ ಸ್ಥಾನಕ್ಕೆ. ಸಂಬಳದ ಹಣ ಸಾಲದೆ ಚಿಕ್ಕಮ್ಮನ ಎರಡೆಳೆ ಸರವನ್ನು ಗಿರವಿಯಿಟ್ಟಿದ್ದರೆಂದು ಹದಿನೈದು ದಿನವಾದ ಮೇಲೆ ಗೊತ್ತಾಯಿತು. ಚಿಕ್ಕಮ್ಮ ಮದುವೆಯೊಂದಕ್ಕೆ ಹೊರಟು ಟ್ರಂಕು ತೆಗೆದಾಗ. ಆಕೆ ಅಳಲಿಲ್ಲ, ಕೂಗಾಡಲಿಲ್ಲ. "ಅದು ನಮ್ಮಪ್ಪ ಕೊಟ್ಟಿದ್ದು. ಅದನ್ನ ಕುದುರೆ ಜೊತೆ ಓಡಿಸಿ ಅಂತ ನಿಮಗೆ ಯಾರು ಹೇಳಿದ್ರು?" ಎಂದಷ್ಟೇ ಕೇಳಿದರು.

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. ಆದರೆ ಉತ್ತರ ನನಗೆ ಗೊತ್ತಿತ್ತು. ಪಕ್ಕದ ಕೋಣೆಯಲ್ಲಿ ಅದೇ ಹೀರೋ ಪೆನ್ನಿನಲ್ಲಿ ನೋಟ್ಸು ಬರೆಯುತ್ತಾ ಕೂತಿದ್ದೆ.

ಗೆಲುವಿನಲ್ಲಿ ನನಗೆ ಒಂದು ಪೆನ್ನಿನಷ್ಟು ಪಾಲು ಸಿಕ್ಕಿತ್ತು. ಸೋಲಿನಲ್ಲಿ ನನ್ನ ಪಾಲೆಷ್ಟು? ಈ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಸರ ಗಿರವಿಯಿಟ್ಟವರು ಅವರು, ಹಣ ಕಟ್ಟಿದವರು ಅವರು. ನಾನು ಬೆರಳಿಟ್ಟವಳು ಮಾತ್ರ. ಹಾಗೆಂದು ನಾನು ಹೊರಗಿನವಳೇ?

ರೇಸು ಜೂಜಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ಮದರಾಸು ರೇಸ್ ಕ್ಲಬ್ಬಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕುದುರೆಯ ತಳಿ, ತರಬೇತಿ, ಜಾಕಿಯ ಚಾಕಚಕ್ಯತೆ ಇವೆಲ್ಲ ಅದೃಷ್ಟವಲ್ಲ ಎಂಬುದು ಒಪ್ಪತಕ್ಕ ಮಾತೇ. ಆದರೆ ಕೌಶಲವಿದ್ದೂ ಮನೆ ಬರಿದಾಗುವುದು ಹೇಗೆ ಎಂಬುದಕ್ಕೆ ಏಳನೆಯ ತರಗತಿಯ ಲೆಕ್ಕ ಸಾಕು. ಟೋಟ್ ಎಂಬ ಪದ್ಧತಿಯಲ್ಲಿ ಎಲ್ಲರ ಹಣವನ್ನೂ ಒಟ್ಟು ಹಾಕಿ, ಕಮಿಷನ್ನು ತೆರಿಗೆ ಮುರಿದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ನೂರು ಜನ ಹತ್ತು ಹತ್ತು ರೂಪಾಯಿ ಹಾಕಿದರು ಎನ್ನೋಣ, ಒಟ್ಟು ಸಾವಿರ. ಇನ್ನೂರು ಮುರಿದರು ಎಂದಿಟ್ಟುಕೊಳ್ಳೋಣ, ಉಳಿದದ್ದು ಎಂಟುನೂರು. ಎಲ್ಲರೂ ಮೆಚ್ಚಿದ ಕುದುರೆಯ ಮೇಲೆ ಅರವತ್ತು ಜನ ಹಾಕಿದ್ದರೆ, ಅದು ಗೆದ್ದಾಗ ತಲೆಗೆ ಹದಿಮೂರು ರೂಪಾಯಿ ಚಿಲ್ಲರೆ. ಹತ್ತು ಸಲ ಹಾಗೆ ಹಾಕಿ ಆರು ಸಲ ಸರಿಯಾಗಿ ಊಹಿಸಿದವನ ಕೈಗೆ ಬರುವುದು ಎಂಬತ್ತು, ಹೋದದ್ದು ನೂರು. ಹತ್ತಕ್ಕೆ ಆರು ಉತ್ತರ ಸರಿ ಬರೆದ ಹುಡುಗನನ್ನು ನಾವು ಪ್ರಥಮ ದರ್ಜೆಯಲ್ಲಿ ಪಾಸು ಮಾಡುತ್ತೇವೆ. ಇಲ್ಲಿ ಅವನೂ ಫೇಲು.

ಇನ್ನು ಟಿಪ್ಪಿನ ವಿಚಾರ. ಒಳ್ಳೆಯ ಟಿಪ್ಪು ಹತ್ತು ಜನಕ್ಕೆ ತಿಳಿದ ಕೂಡಲೇ ಹತ್ತೂ ಜನ ಅದೇ ಕುದುರೆಯ ಮೇಲೆ ಹಾಕುತ್ತಾರೆ, ಹಂಚಿಕೆ ಇಳಿಯುತ್ತದೆ. ನಿಜವಾಗಿ ಗೊತ್ತಿರುವವನು ಊರಿಗೆಲ್ಲ ಏಕೆ ಹೇಳುತ್ತಾನೆ? ಹೇಳುವುದರಿಂದ ಅವನಿಗೆ ಹೋಗುವುದೇನೂ ಇಲ್ಲ. ಗೆದ್ದರೆ ಹೆಸರು, ಸೋತರೆ ಮುಂದಿನ ವಾರ ಇನ್ನೊಂದು ಪಟ್ಟಿ. ಸರ್ಕಾರದ ಪಾಲೂ ಹೀಗೆಯೇ. ಜೂಜಿನ ಅಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ ಐದು ತೆಗೆದುಕೊಳ್ಳಬೇಕೆಂದು ಕೌಟಿಲ್ಯ ಬರೆದಿಟ್ಟ. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣದ ಮೇಲೆಯೇ ಜಿಎಸ್‌ಟಿ ಶೇಕಡಾ 28 ಆಯಿತು, 2025ರ ಸೆಪ್ಟೆಂಬರಿನಲ್ಲಿ 40ಕ್ಕೆ ಏರಿತು. ಹಣವಿಟ್ಟು ಆಡುವ ಮೊಬೈಲ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾಯಿದೆ ಮಾಡಿ ನಿಷೇಧಿಸಿತು, ಒಳ್ಳೆಯದಾಯಿತು. ನಮ್ಮ ಕಡೆ ಓಸಿ ಚೀಟಿಗೆ ನಿಷೇಧ ಎಂದಿನಿಂದಲೂ ಇದೆ. ಆದರೂ ಯಾವ ನಂಬರು ಬರುತ್ತದೆಂದು ಪಿಸುಗುಡುವವರು ಚಹದಂಗಡಿಯಲ್ಲಿ ಸಿಗುತ್ತಾರೆ.

ಗಂಡಸರು ಹೇಳುವ ಒಂದು ಮಾತಿದೆ: "ನನ್ನ ದುಡಿಮೆ, ನನ್ನ ದುಡ್ಡು." ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕುರುಸಭೆಯಲ್ಲಿ ದ್ರೌಪದಿ ಕೇಳಿದ್ದು ಇದನ್ನೇ ಅಲ್ಲವೇ? ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು ಎಂದು. ಹಿರಿಯರೆಲ್ಲ ತಲೆ ತಗ್ಗಿಸಿ ಕೂತರು, ಭೀಷ್ಮನಂಥವನೇ ಧರ್ಮ ಸೂಕ್ಷ್ಮ ಎಂದುಬಿಟ್ಟ. ಆಕೆಯ ಪರವಾಗಿ ಎದ್ದು ನಿಂತು ಮಾತಾಡಿದವನು ಕೌರವರಲ್ಲೇ ಒಬ್ಬ, ವಿಕರ್ಣ. ಮಕ್ಕಳಿಗೆ ಈ ಪ್ರಸಂಗ ಹೇಳುವಾಗಲೆಲ್ಲ ನನಗೆ ಧರ್ಮರಾಯ, ಶಕುನಿಯರಿಗಿಂತ ಆ ಸುಮ್ಮನೆ ಕೂತವರ ಮೇಲೆಯೇ ಕಣ್ಣು ಹೋಗುತ್ತದೆ. ದಾಳ ಮುಟ್ಟದವರೂ ಆ ಆಟದಲ್ಲಿ ಇದ್ದರು.

ಚಿಕ್ಕಮ್ಮನ ಸರ ಹೋಗುವುದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಸಂಪೂರ್ಣವಾಗಿ ಹೆಣ್ಣಿನದೇ ಎಂದು ಹೇಳಿತ್ತು. ಗಂಡನ ಕೈಯಲ್ಲಿದ್ದರೂ ಅದು ಅವನ ಬಳಿ ಇಟ್ಟ ನಂಬಿಕೆಯ ಒಡವೆ ಅಷ್ಟೇ. ಆ ತೀರ್ಪು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಚಿಕ್ಕಮ್ಮ ಕೋರ್ಟಿಗೆ ಹೋಗುತ್ತಿದ್ದರೆಂದಲ್ಲ. ಆದರೆ ಟ್ರಂಕಿನ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರೇನೋ.

ಹಾಗಾದರೆ ಪಂದ್ಯ ನೋಡಿ ಸಂತೋಷಪಡುವುದೇ ತಪ್ಪೇ? ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ದೀಪಾವಳಿ ಬಂತೆಂದರೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡ ಹೋರಿ ನುಗ್ಗಿ ಬರುವಾಗ ಮನೆಯ ಮಾಳಿಗೆ ಮೇಲೆ ನಿಂತು ನಾನೂ ಕೂಗಿದವಳು. ಒಂದೊಂದು ಹೋರಿಗೂ ಒಂದೊಂದು ಹೆಸರು, ಹೆಸರಿಗೊಂದಿಷ್ಟು ಅಭಿಮಾನಿಗಳು. ಅದರಲ್ಲಿ ಅಪಾಯವಿದೆ, ಜನ ಸತ್ತದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಬೀದಿಯ ಹೋರಿ ಸೋತ ದಿನ ಅದರ ಕೊರಳು ತಬ್ಬಿ ಬೆಲ್ಲ ತಿನ್ನಿಸಿದವರನ್ನು ನೋಡಿದ್ದೇನೆ. ಚಿಕ್ಕಪ್ಪ ಡರ್ಬಿಯ ಆ ಹೆಣ್ಣು ಕುದುರೆಯ ಹೆಸರನ್ನು ಮತ್ತೆಂದೂ ಎತ್ತಲಿಲ್ಲ. ಅಷ್ಟು ಕುದುರೆಗಳಲ್ಲಿ ಮೂರನೆಯದಾಗಿ ಬಂದದ್ದು ಅದಕ್ಕೆ ಕಡಿಮೆ ಸಾಧನೆಯೇ? ಹಣ ನಡುವೆ ಬಂದದ್ದರಿಂದ ಪ್ರಾಣಿಯೇ ಕಾಣದಾಯಿತು.

ಬಿಎಡ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಭಯ ಹುಟ್ಟಿತು. ನಾನು ದಿನವೂ ಟಿಪ್ಪು ಕೊಡುವವಳೇ ಆಗಿಬಿಟ್ಟೆನಲ್ಲ! "ನಿಮ್ಮ ಹುಡುಗ ಸೈನ್ಸ್ ತಗೊಳ್ಳಲಿ", "ಇವಳನ್ನ ಹಾಸ್ಟೆಲ್ಲಿಗೆ ಹಾಕಿ." ಅಪ್ಪಂದಿರು ಕೈಕಟ್ಟಿ ಕೇಳುತ್ತಾರೆ, ನಂಬುತ್ತಾರೆ. ಒಮ್ಮೆ ಒಬ್ಬ ರೈತನಿಗೆ, ಮಗಳು ಜಾಣೆ, ಶಿವಮೊಗ್ಗದಲ್ಲಿ ವಿಜ್ಞಾನ ಓದಿಸಿ ಎಂದು ಒತ್ತಿ ಹೇಳಿದೆ. ಗದ್ದೆಯ ಮೇಲೆ ಸಾಲ ತೆಗೆದು ಕಳಿಸಿದ. ಹುಡುಗಿ ಎರಡನೇ ಪಿಯುಸಿಯಲ್ಲಿ ಫೇಲಾದಳು. ಆತ ಶಾಲೆಯ ಬಾಗಿಲಲ್ಲಿ ನಿಂತು, "ನೀವು ಹೇಳಿದ್ರಿ ಅಂತ ಮಾಡಿದ್ವಿ ಮೇಡಂ, ಮುಂದೇನು ಮಾಡೋಣ?" ಅಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಂದು ಚಿಕ್ಕಮ್ಮನ ಪ್ರಶ್ನೆ ನೆನಪಾಯಿತು. ನಾನು ಬಿಎ ಓದಿದವಳು, ಭೌತಶಾಸ್ತ್ರ ನನಗೆ ಬಾರದು. ಸಹೋದ್ಯೋಗಿಯೊಬ್ಬರ ಕೈಕಾಲು ಹಿಡಿದು ಭಾನುವಾರದ ಪಾಠಕ್ಕೆ ಒಪ್ಪಿಸಿದೆ. ಇಂಗ್ಲಿಷ್ ನಾನೇ ಹೇಳಿಕೊಟ್ಟೆ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಹುಡುಗಿ ಪೂರಕ ಪರೀಕ್ಷೆಯಲ್ಲಿ ಪಾಸಾದಳು, ದೊಡ್ಡ ಅಂಕವೇನಲ್ಲ. ಸಾಲ ತೀರಲು ವರ್ಷಗಳೇ ಬೇಕಾದವು. ಆ ಸೋಲಿನಲ್ಲಿ ಒಂದು ಸಣ್ಣ ಪಾಲನ್ನಾದರೂ ಹೊತ್ತೆ ಎಂಬ ಸಮಾಧಾನ ನನಗೆ. ಅಂದಿನಿಂದ ಸಲಹೆ ಕೊಡುವ ಮುಂಚೆ ಕೇಳಿಕೊಳ್ಳುತ್ತೇನೆ: ಇದು ತಪ್ಪಾದರೆ ಕಳೆದುಕೊಳ್ಳುವವರು ಯಾರು? ಆಗ ನಾನು ಎಲ್ಲಿರುತ್ತೇನೆ?

ತವರಿಗೆ ಹೋದಾಗ ಬಂದಳಿಕೆಯ ಬಸದಿಯ ಕಡೆ ಒಂದು ಸುತ್ತು ಹೋಗಿ ಬರುತ್ತೇನೆ. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯ ಕಥೆಯನ್ನು ಇಲ್ಲಿಯ ಶಾಸನ ಹೇಳುತ್ತದೆ. ಗಂಡ ತೀರಿಕೊಂಡ ಮೇಲೆ ರಾಷ್ಟ್ರಕೂಟ ಅರಸ ಆಕೆಗೇ ನಾಡನ್ನು ಒಪ್ಪಿಸಿದ. ಆಕೆ ಸಮರ್ಥವಾಗಿ ನಡೆಸಿದಳು. ರೋಗ ಬಂದಾಗ ಅಧಿಕಾರವನ್ನು ಮಗಳ ಕೈಗಿತ್ತು, ಬಂದಳಿಕೆಗೆ ಬಂದು ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಕೈಗೆ ಬಂದದ್ದನ್ನು ತನ್ನದೆನ್ನದೆ ಕಾದು, ಮುಂದಿನವರಿಗೆ ಒಪ್ಪಿಸಿ ಹೋದಳಲ್ಲ ಎನ್ನಿಸುತ್ತದೆ. ನಾಡಾದರೇನು, ಎರಡೆಳೆ ಸರವಾದರೇನು?

ಚಿಕ್ಕಪ್ಪ ಈಗಿಲ್ಲ. ಮೊದಲ ಸಂಬಳ ಬಂದಾಗ ಚಿಕ್ಕಮ್ಮನ ಮುಂದೆ ಹಣವಿಟ್ಟು ಎಲ್ಲವನ್ನೂ ಹೇಳಿಕೊಂಡಿದ್ದೆ. ಅವರು ಹಣವನ್ನು ನನ್ನ ಕಡೆಗೇ ಸರಿಸಿದರು. "ಹದಿನಾರು ವರ್ಷದ ಹುಡುಗಿ, ನಿಂದೇನು ತಪ್ಪು ಬಿಡು. ಆದ್ರೆ ಆ ಪೆನ್ನು ತಂದ ದಿನಾನೇ ತಗೋಬೇಡ ಅಂತ ನಾನು ಹೇಳ್ಬೇಕಿತ್ತು. ಹೂವು ಮುಡ್ಕೊಂಡು ನಾನೂ ಸುಮ್ನಿದ್ದೆ" ಅಂದರು.

ಬಸ್ ನಿಲ್ದಾಣದ ಹುಡುಗ ಇನ್ನೂ ಮೊಬೈಲ್ ಹಿಡಿದೇ ನಿಂತಿದ್ದ. "ಹೇಳ್ತೀನಪ್ಪಾ. ಆದ್ರೆ ಸೋತ್ರೆ ಅರ್ಧ ದುಡ್ಡು ನಾನು ಕೊಡಬೇಕಾಗುತ್ತೆ. ಎಷ್ಟು ಕಟ್ತೀಯ ಹೇಳು" ಅಂದೆ. ಅವನು ಮೊತ್ತ ಹೇಳಲಿಲ್ಲ. "ನಿನ್ನ ಹೆಂಡತಿಗೆ ಗೊತ್ತಾ?" ಅಂದೆ. "ಬಿಡ್ರಿ ಮೇಡಂ, ತಮಾಷೆಗೆ ಕೇಳಿದ್ದು" ಎಂದು ಮೊಬೈಲನ್ನು ಜೇಬಿಗಿಳಿಸಿದ. ಬಸ್ಸು ಬಂತು. ನನ್ನ ಚೀಲವನ್ನು ಅವನೇ ಎತ್ತಿ ಕೊಟ್ಟ. ಆಮೇಲೆ ಕಟ್ಟಿದನೋ ಇಲ್ಲವೋ ನನಗೆ ತಿಳಿಯದು.

ಒಂದು ಮಾತು ಒಪ್ಪಿಕೊಳ್ಳಬೇಕು. ಅವನು ಪಟ್ಟಿ ತೋರಿಸಿದಾಗ ನನ್ನ ಕಣ್ಣು ತಾನಾಗಿಯೇ ಒಂದು ಹೆಣ್ಣು ಕುದುರೆಯ ಹೆಸರಿನ ಮೇಲೆ ನಿಂತಿತ್ತು. ಡರ್ಬಿಯ ಮರುದಿನ ಪತ್ರಿಕೆಯ ಆಟದ ಪುಟದ ಮೂಲೆಯನ್ನು ಕನ್ನಡಕ ಹಾಕಿಕೊಂಡು ಹುಡುಕಿದೆ. ಅದು ಗೆದ್ದಿತೋ ಸೋತಿತೋ ಹೇಳುವುದಿಲ್ಲ. ಹೇಳಿದರೆ ಅದೂ ಒಂದು ಟಿಪ್ಪಾದೀತು.