ಭಾನುವಾರ ಯಾರದು?

ಭಾನುವಾರ ನಸುಕಿನಲ್ಲೇ ಪುಣೆಯ ಮನೆಯಿಂದ ಸೈಕಲ್ ಹತ್ತಿ ಹೊರಟರೆ ಖಡಕ್‌ವಾಸ್ಲಾ ದಾಟಿ, ಸಿಂಹಗಡದ ಏರು ಹತ್ತಿಳಿದು ಮರಳುವಾಗ ಹತ್ತೂವರೆ. ವಾರಕ್ಕೊಮ್ಮೆ ಚೈನು ಒರೆಸಿ ಎಣ್ಣೆ ಬಿಡುತ್ತೇನೆ. ಅಡುಗೆಮನೆಯ ನಲ್ಲಿ ಮಾತ್ರ ತಿಂಗಳಿನಿಂದ ಸೋರುತ್ತಿತ್ತು. ‘ಟೈಮೇ ಸಿಗಲಿಲ್ಲ’ ಎನ್ನುತ್ತಿದ್ದೆ. ಕೆಳಗಿಟ್ಟ ಪಾತ್ರೆಯನ್ನು ಹೆಂಡತಿ ದಿನಾ ಮಧ್ಯರಾತ್ರಿ ಎದ್ದು ಚೆಲ್ಲುತ್ತಿದ್ದಳೆಂದು ಗೊತ್ತಾದದ್ದು ಅವಳು ಧಾರವಾಡಕ್ಕೆ ಹೋದ ಮೇಲೆ, ಬೆಳಿಗ್ಗೆ ಎದ್ದಾಗ ನೆಲವೆಲ್ಲ ನೀರಾಗಿದ್ದಾಗ.

ನನ್ನ ಬಿಡುವು ನನ್ನ ಗಳಿಕೆ ಎಂದುಕೊಂಡಿದ್ದೆ. ಅದು ಅವಳ ನಿದ್ದೆಯಿಂದ ತಂದ ಸಾಲ. ಹಾಗಾದರೆ ಸೈಕಲ್ ಬಿಡಬೇಕೇ? ಬಿಟ್ಟರೆ ಆ ತ್ಯಾಗವನ್ನೂ ಅವಳ ಲೆಕ್ಕಕ್ಕೇ ಬರೆದೇನು. ಸಾಲ ತೀರಿಸುವುದು ಬೇರೆ, ಸನ್ಯಾಸ ಬೇರೆ.

ಹೊಸ ವಾಷರ್ ಹಾಕಲು ಹಿಡಿದದ್ದು ಹತ್ತು ನಿಮಿಷ. ಈಗ ಒಂದು ಭಾನುವಾರ ನನ್ನದು, ಮುಂದಿನದು ಅವಳದು. ಅವಳದನ್ನು ಏನು ಮಾಡುತ್ತಾಳೆಂದು ನಾನು ಕೇಳುವುದಿಲ್ಲ.