ಕೆಂಪು ದೀಪದ ಮುಂದೆ

ದೆಹಲಿ–ಚೆನ್ನೈ ಹಾಗೂ ಮುಂಬಯಿ–ಹೌರಾ ರೈಲು ಮಾರ್ಗಗಳು ಸಂಧಿಸುವ ನಾಗಪುರದಲ್ಲಿ ನಾವು ಸೇವೆಯಲ್ಲಿದ್ದಾಗ, ಸಹೋದ್ಯೋಗಿಯೊಬ್ಬರು ನೊಂದು ಕೇಳಿದರು: “ಮಗನ ವ್ಯಾಧಿ ನೀಗಲೆಂದು ವರ್ಷಗಟ್ಟಲೆ ಪ್ರಾರ್ಥಿಸಿದೆ. ಹರಿಯು ಕಿವಿಗೊಡಲಿಲ್ಲ. ಇನ್ನು ಸಂಧ್ಯಾವಂದನೆ ಏತಕ್ಕೆ?”

ನಾವು ಅವರಿಗೆ ಪರಿಚಿತವಾದ ನಿಯಮವನ್ನೇ ನೆನಪಿಸಿದೆವು. ‘ಎ’ ಅಕ್ಷರದ ಫಲಕವುಳ್ಳ ಸ್ವಯಂಚಾಲಿತ ಸಿಗ್ನಲ್ ಕೆಂಪಾಗಿದ್ದರೆ ಚಾಲಕನು ಗಾಡಿಯನ್ನು ನಿಲ್ಲಿಸಲೇಬೇಕು. ಹಗಲಲ್ಲಿ 1 ನಿಮಿಷ, ರಾತ್ರಿಯಲ್ಲಿ 2 ನಿಮಿಷ ಕಾಯಬೇಕು. ಆಗಲೂ ದೀಪ ಬದಲಾಗದಿದ್ದರೆ, ಸೀಟಿ ಊದಿ, ಎದುರಿಗೆ ಅಡ್ಡಿ ಕಂಡೊಡನೆ ನಿಲ್ಲಿಸಬಲ್ಲಷ್ಟು ಮಂದಗತಿಯಲ್ಲಿ ಮುಂದಿನ ಸಿಗ್ನಲ್‌ವರೆಗೆ ಸಾಗಬಹುದು. ಆ ಮುಂದಿನ ದೀಪ ದೂರದಿಂದ ಹಸಿರಾಗಿ ಕಂಡರೂ, ಅದನ್ನು ತಲುಪುವವರೆಗೆ ಎಚ್ಚರ ಸಡಿಲಿಸುವಂತಿಲ್ಲ. ನಡುವೆ ಮತ್ತೊಂದು ಗಾಡಿ ನಿಂತಿರಬಹುದು.

ದೀಪವೇಕೆ ಕೆಂಪಾಯಿತೆಂದು ಚಾಲಕನು ಅರಿಯನು. ಆದರೂ ತನ್ನ ಸ್ಥಾನವನ್ನು ತ್ಯಜಿಸನು. ಅವನು ಮುಂದೆ ಸಾಗುವುದೂ ನಿಯಮವು ಕೊಟ್ಟ ಸ್ವಾತಂತ್ರ್ಯದಿಂದಲೇ. ಜೀವನ ಸ್ಥಿತಿಯೂ ಇದೇ. ಶ್ರೀಹರಿಯೊಬ್ಬನೇ ಸ್ವತಂತ್ರನು, ನಮ್ಮದು ದತ್ತಸ್ವಾತಂತ್ರ್ಯ. ಔಷಧೋಪಚಾರವೆಂಬ ಪ್ರಯತ್ನವನ್ನೂ ನಿತ್ಯಕರ್ಮವನ್ನೂ ಬಿಡದೆ, ಫಲವನ್ನು ಆತನಿಗೆ ಒಪ್ಪಿಸಿ ನಡೆಯುವುದಷ್ಟೇ ನಮ್ಮ ಪಾಲಿನದು.

ಅವರು ಮರುಮಾತಾಡಲಿಲ್ಲ. ಮಗನ ವ್ಯಾಧಿ ಪೂರ್ಣವಾಗಿ ಗುಣವಾಗಲೂ ಇಲ್ಲ. ಆದರೆ ಮರುದಿನದಿಂದ ತಂದೆಯ ಅರ್ಘ್ಯಪ್ರದಾನ ತಪ್ಪಲಿಲ್ಲ. ಪಕ್ಕದಲ್ಲಿ ಮಗನೂ ಕುಳಿತಿರುತ್ತಿದ್ದನು.

ಶ್ರೀಕೃಷ್ಣಾರ್ಪಣಮಸ್ತು.