ನಾಯಿಮರಿಯ ಅನ್ನವೂ ವಿಮೆಯೂ

ಹಾಸನದಿಂದ ಬೇಲೂರಿಗೆ ಹೋಗುವ ಮಾರ್ಗದಲ್ಲಿ, ಹಳೇಬೀಡಿನ ದಾರಿ ಕವಲೊಡೆಯುವೆಡೆ ಹಗರೆ ಇದೆ. ಅಲ್ಲಿಯ ಸಸ್ಯಾಹಾರಿಗಳ ಮನೆಯೊಂದಕ್ಕೆ, ಮಕ್ಕಳ ಹಟದಿಂದ, ಎರಡು ತಿಂಗಳ ಊರನಾಯಿಯ ಮರಿಯೊಂದು ಬಂದಿತೆಂದು ಇಟ್ಟುಕೊಳ್ಳಬಹುದು. ಬಂದ ಸಂಜೆಯೇ ಎರಡು ಪ್ರಶ್ನೆಗಳು ಏಳುತ್ತವೆ: ಇದಕ್ಕೆ ಏನನ್ನು ಉಣಿಸತಕ್ಕದ್ದು? ಈಗ ಪೇಟೆಗಳಲ್ಲಿ ರೂಢಿಗೆ ಬರುತ್ತಿರುವಂತೆ ಇದಕ್ಕೂ ವಿಮೆ ಮಾಡಿಸತಕ್ಕದ್ದೆ? ಒಂದು ಅಡುಗೆಮನೆಯ ಮಾತು, ಇನ್ನೊಂದು ಲೆಕ್ಕದ ಪುಸ್ತಕದ ಮಾತು ಎಂದು ತೋರುವುದು ಸಹಜ. ಆದರೆ ಎರಡರಲ್ಲಿಯೂ ಅಡಗಿರುವುದು ಒಂದೇ ವಿಚಾರ: ತಾನಾಗಿ ಕೇಳಿಕೊಂಡು ಬಾರದ ಜೀವಕ್ಕೆ, ಅದನ್ನು ಕರೆತಂದವರು ಎಷ್ಟರಮಟ್ಟಿಗೆ ಋಣಿಗಳು?

ಮನೆಯ ಹಿರಿಯರ ಮಾತು ಹಗುರವಾದುದಲ್ಲ. ಒಂದು ಪ್ರಾಣಿಯ ಮೇಲಿನ ಅಕ್ಕರೆಗಾಗಿ ಹತ್ತು ಪ್ರಾಣಿಗಳ ವಧೆಗೆ ಹಣ ಕೊಡುವುದು ಎಂತಹ ದಯೆ ಎಂದು ಅವರು ಕೇಳಿದರೆ, ಉತ್ತರ ಕೂಡಲೇ ಹೊಳೆಯುವುದಿಲ್ಲ. ಆದರೂ ವ್ರತವೆಂಬುದು ಅದನ್ನು ತಿಳಿದು ಹಿಡಿದವನಿಗೆ ಸೇರಿದ್ದು. ಏಕಾದಶಿಯ ಉಪವಾಸವನ್ನು ಮನೆಯೊಡೆಯನು ಎತ್ತಿನ ಮೇಲೆ ಹೊರಿಸುವುದಿಲ್ಲ. ಮರಿಯ ದೇಹಕ್ಕೆ ಬೇಕಾದುದನ್ನು ಮನೆಯ ಆಚಾರಕ್ಕಾಗಿ ತಡೆದರೆ, ಆ ಆಚಾರದ ಕಷ್ಟವನ್ನು ಅನುಭವಿಸುವುದು ಮರಿ, ಪುಣ್ಯವನ್ನು ಎಣಿಸಿಕೊಳ್ಳುವವರು ಮಾತ್ರ ಬೇರೆಯವರು.

ಹಾಗೆಂದು ಹಳ್ಳಿಯ ಮುದ್ದೆ, ಅನ್ನ, ಮಜ್ಜಿಗೆಯ ಕ್ರಮವೆಲ್ಲ ಅಜ್ಞಾನವಲ್ಲ. ಪಿಷ್ಟವನ್ನು ಜೀರ್ಣಿಸುವ ಶಕ್ತಿಗೆ ಕಾರಣವಾದ ಅಂಶಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚಾಗಿವೆಯೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಮನುಷ್ಯನ ಒಲೆಯ ಬಳಿ ಸಾವಿರಾರು ವರ್ಷ ಕಾದುದರ ಗುರುತು ಅದರ ಮೈಯೊಳಗೇ ಬಿದ್ದಿದೆ. ಬೆಕ್ಕಿನಂತೆ ಅದು ಮಾಂಸವಿಲ್ಲದೆ ಬದುಕದ ಪ್ರಾಣಿಯಲ್ಲ. ಆದರೆ ಬೆಳೆಯುವ ಮರಿಗೆ ಬರಿಯ ಹಾಲನ್ನ ಸಾಲದು. ಪ್ರೋಟೀನೂ ಹದವರಿತ ಸುಣ್ಣದ ಅಂಶವೂ ಇಲ್ಲದಿದ್ದರೆ ಕಾಲಿನ ಮೂಳೆಗಳು ಸೊಟ್ಟಾಗುತ್ತವೆ. ಬೇಯಿಸಿದ ಮೊಟ್ಟೆಗೆ ಮನೆಯವರು ಒಪ್ಪಿದರೆ ಕೆಲಸ ಹಗುರ; ಒಪ್ಪದಿದ್ದರೆ ಬೇಳೆ, ಮೊಸರುಗಳಿಂದ ಆ ಕೊರತೆಯನ್ನು ತುಂಬುವ ಬಗೆಯನ್ನು ಪಶುವೈದ್ಯರನ್ನು ಕೇಳಿಯೇ ಗೊತ್ತುಮಾಡಬೇಕು. ಪ್ರೀತಿಯಿಂದ ಹಾಕುವ ಎಂಜಲಲ್ಲಿಯೇ ಅಪಾಯ ಹೆಚ್ಚು. ಹುಳಿಯಲ್ಲಿನ ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಗಳಿಗೆ ವಿಷ. ಹಬ್ಬದ ದಿನ ಮಗುವಿನ ಕೈಯಿಂದ ಮರಿಯ ಬಾಯಿಗೆ ಬೀಳುವ ತುತ್ತನ್ನು ತಡೆದವರು ನಿಷ್ಕರುಣಿಗಳೆನಿಸಿಕೊಳ್ಳುತ್ತಾರೆ!

ಇನ್ನು ವಿಮೆ. ಈ ಸೀಮೆಯವರಿಗೆ ಅದು ಹೊಸದಲ್ಲ. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗೆ ಜೀವವಿಮೆಯನ್ನು ಏರ್ಪಡಿಸಿತು. ಹಾಲು ಕರೆಯುವ ಮನೆಗಳಲ್ಲಿ ಹಸುವಿನ ಕಿವಿಗೆ ವಿಮೆಯ ಓಲೆ ಹಾಕಿಸುವುದನ್ನು ಮಕ್ಕಳೂ ಬಲ್ಲರು. ಹಸು ಸತ್ತರೆ ಮನೆಯ ಆದಾಯ ಹೋಯಿತು. ಪೇಟೆಯ ಧಾರಣೆಯಂತೆ ಅದರ ಬೆಲೆ ಬಂದರೆ ಇನ್ನೊಂದು ಹಸುವನ್ನು ಕಟ್ಟಬಹುದು. ಇದೇ ನ್ಯಾಯವನ್ನು ನಾಯಿಗೆ ಹೊಂದಿಸಹೊರಟಾಗ ತೊಡಕು ಕಾಣುತ್ತದೆ. ಮರಣಕ್ಕೆ ಪರಿಹಾರ ಕೊಡುವ ವಿಮೆಯು ಪ್ರಾಣಿಯ ಪೇಟೆಯ ಬೆಲೆಯನ್ನು ಕೇಳುತ್ತದೆ. ಜಾತಿನಾಯಿಗೆ ಬೆಲೆಯುಂಟು, ಹಗರೆಯ ಬೀದಿಯಲ್ಲಿ ಹುಟ್ಟಿದ ಮರಿಗೆ ಬೆಲೆ ಕಟ್ಟುವವರಾರು? ಕಟ್ಟಿದರೂ, ಆ ಹಣ ಯಾವ ನಷ್ಟವನ್ನು ತುಂಬಿಕೊಡುವುದು?

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಇಲ್ಲಿ ನೆನಪಿಗೆ ಬರುತ್ತದೆ. ಅದು 949-50ನೆಯ ವರ್ಷದ್ದು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧವಾದ ಮೇಲೆ ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಬೇಕಾದುದನ್ನು ಬೇಡೆಂದಾಗ, ಅವನು ಊರನ್ನು ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿದನಂತೆ. ಬಳಿಕ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲಾಗಿ, ಎರಡೂ ಕಾದಾಡಿ ಸತ್ತವು. ಮಣಲೇರನು ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗಿನ ಗದ್ದೆಯನ್ನು ಬಿಟ್ಟನು. ನಾಯಿಯನ್ನು ಪೇಟೆಯ ಬೆಲೆಯಿಂದ ಅಳೆಯದ ದೊಡ್ಡ ಮನಸ್ಸು ಅದು, ಸಂದೇಹವಿಲ್ಲ. ಆದರೂ ಕಾಳಿಯನ್ನು ಹಂದಿಯ ಮೇಲೆ ಬಿಟ್ಟ ಕೈ ಬೇರೆಯದಲ್ಲವಷ್ಟೆ. ಸತ್ತ ಮೇಲೆ ದೊರೆತ ಗದ್ದೆಯಿಂದ ಕಾಳಿಗೆ ಒಂದು ತುತ್ತೂ ಸಿಕ್ಕಲಿಲ್ಲ. ಮರಣಕ್ಕೆ ಬರುವ ವಿಮೆಯ ಹಣವೂ ಇದೇ ಜಾತಿಯದು. ಅದು ಉಳಿದವರಿಗೆ ಸಲ್ಲುವ ಸಮಾಧಾನ.

ಚಿಕಿತ್ಸೆಯ ವೆಚ್ಚವನ್ನು ವಹಿಸುವ ವಿಮೆಯ ಮಾತು ಬೇರೆ. ಮರಿಗೆ ಕಾಯಿಲೆಯಾದ ರಾತ್ರಿ ಮನೆಯವರು ನೋಡುವುದು ಮರಿಯನ್ನಷ್ಟೇ ಅಲ್ಲ, ಹಣದ ಪೆಟ್ಟಿಗೆಯನ್ನೂ. 'ನಾಯಿಗೆ ಇಷ್ಟೆ?' ಎಂಬ ಮಾತು ಆಗ ಯಾರ ಬಾಯಿಂದಲಾದರೂ ಬಂದೇಬರುತ್ತದೆ. ಮಗುವಿನ ಶಾಲೆಯ ಶುಲ್ಕ ಎದುರಿಗಿರುವಾಗ ಅದನ್ನು ಕ್ರೌರ್ಯವೆನ್ನುವುದೂ ಅನ್ಯಾಯ. ಎಷ್ಟರವರೆಗೆ ನಡೆಯಬಲ್ಲೆವು ಎಂಬುದನ್ನು ಮನಸ್ಸು ತಿಳಿಯಾಗಿರುವಾಗಲೇ ನಿಶ್ಚಯಿಸಿ, ಅದಕ್ಕೆ ತಿಂಗಳು ತಿಂಗಳೂ ಸ್ವಲ್ಪ ತೆಗೆದಿಡುವುದಕ್ಕೆ ವಿಮೆ ಒಂದು ದಾರಿ, ಅಂಚೆ ಕಛೇರಿಯ ಉಳಿತಾಯದ ಖಾತೆ ಇನ್ನೊಂದು. ವಿಮೆಯ ಪತ್ರವನ್ನು ಕೊನೆಯ ಸಾಲಿನವರೆಗೆ ಓದುವುದು ಒಳ್ಳೆಯದು: ಮೊದಲೇ ಇದ್ದ ರೋಗಗಳನ್ನೂ, ಲಸಿಕೆಯಿಂದ ತಪ್ಪಬಹುದಾಗಿದ್ದ ರೋಗಗಳನ್ನೂ ಸಾಮಾನ್ಯವಾಗಿ ಅದರಲ್ಲಿ ಬಿಟ್ಟಿರುತ್ತಾರೆ. ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ಪಾರ್ವೋ ರೋಗಕ್ಕೂ ಹುಚ್ಚುನಾಯಿ ರೋಗಕ್ಕೂ ಲಸಿಕೆಗಳುಂಟು. ಮೊದಲಿನದನ್ನು ಆರೆಂಟು ವಾರದ ವಯಸ್ಸಿನಿಂದಲೇ ಆರಂಭಿಸಿ, ಕೆಲವು ವಾರಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಹಗರೆಯ ಆ ಮರಿಗೆ ಎರಡು ತಿಂಗಳು ಆಗಲೇ ತುಂಬಿವೆ.